ರಿಬ್ಬನ್ನಿನ ಎರಡು ಉಂಗುರ

ಹುಡುಗನ ತಾಯಿ ತಟ್ಟೆಯ ಮೇಲಿನ ಬಟ್ಟೆ ಸರಿಸಿ ಚೀರಿಯೇಬಿಟ್ಟರು. ಕತ್ತರಿ ಇತ್ತು. ಉಂಗುರಗಳಿರಲಿಲ್ಲ!

ಹುಡುಗನ ಮನೆಯವರ ಭಾಷೆಯೂ ಬೇರೆ, ಪದ್ಧತಿಯೂ ಬೇರೆ. ಕೆಂಪು ರಿಬ್ಬನ್ನಿನ ಎರಡು ತುದಿಗೆ ಎರಡು ಉಂಗುರ ಕಟ್ಟಿ, ಜೋಡಿಗೆ ತೊಡಿಸಿ, ಹಿರಿಯರೊಬ್ಬರು ರಿಬ್ಬನ್ ಕತ್ತರಿಸಿದರೇ ನಿಶ್ಚಿತಾರ್ಥ. ಹುಡುಗಿಯ ಜೊತೆ ಬಂದಿದ್ದವರು ಮೂವರೇ—ಅಪ್ಪ, ಅಕ್ಕ, ಪೊಲೀಸ್ ಕೆಲಸದಿಂದ ನಿವೃತ್ತಳಾದ ಸೋದರತ್ತೆ.

ಸೋಫಾ ಎತ್ತಿದರು, ಕಾರ್ಪೆಟ್ ಕೊಡವಿದರು. ಹುಡುಕುತ್ತಲೇ ಒಬ್ಬೊಬ್ಬರ ಕಣ್ಣೂ ಅಕ್ಕನ ಮೇಲೆ ನೆಟ್ಟಿತು. ಅವಳ ನಿಶ್ಚಿತಾರ್ಥ ಮುರಿದುಬಿದ್ದು ಇನ್ನೂ ವರ್ಷವಾಗಿರಲಿಲ್ಲ. ಹೊಟ್ಟೆಕಿಚ್ಚು ಇದ್ದದ್ದೂ ನಿಜವೇ. ತಂಗಿ ಆ ಮನೆಯವರ ಭಾಷೆಯಲ್ಲಿ ಮಾತಾಡಿ ನಕ್ಕಾಗಲೆಲ್ಲ ಅವಳು ಮುಖ ತಿರುಗಿಸಿಕೊಳ್ಳುತ್ತಿದ್ದಳು.

“ಅಕ್ಕಾ, ತಮಾಷೆಗೆ ತೆಗೆದಿದ್ರೆ ಕೊಟ್ಬಿಡೇ,” ತಂಗಿ ಗೋಗರೆದಳು.

“ನಾನಾ? ತಗೋ, ಬ್ಯಾಗ್ ನೋಡ್ಕೋ!”

ಸೋದರತ್ತೆ ನಡುವೆ ಬಂದಳು. “ತಟ್ಟೆ ಹತ್ರ ಯಾರ್ಯಾರು ಹೋಗಿದ್ರಿ?”

“ನಾನು ಹೋಗಿದ್ದೆ,” ಎಂದಳು ಅಕ್ಕ. “ಮುಟ್ಟಲಿಲ್ಲ. ಆಮೇಲೆ ಅಪ್ಪ ಬಂದ್ರು.”

“ನಾನು ನೀರು ಕುಡಿಯೋಕೆ ಹೋಗಿದ್ದು!” ಅಪ್ಪ ಸಿಡುಕಿದರು.

“ಉಂಗುರ ಹುಡುಕಿದ್ಯಾ ಅಣ್ಣಾ?”

“ಹುಡುಕದೆ ಇರ್ತೀನಾ? ಸೋಫಾ ಕೆಳಗೆಲ್ಲಾ ನೋಡಿದೆ.”

“ಒಂದೇ ಕೈಯಲ್ಲಿ?”

ಅಪ್ಪ ಎದೆಗವಚಿದ್ದ ಹೂಗುಚ್ಛವನ್ನು ಇನ್ನಷ್ಟು ಬಿಗಿಹಿಡಿದರು.

“ಬೀಗರಿಗೆ ಬಾಗಿಲಲ್ಲೇ ಕೊಡಬೇಕಾದ ಹೂಗುಚ್ಛ ಇನ್ನೂ ನಿನ್ನ ಎದೆಗೆ ಅಂಟ್ಕೊಂಡಿದೆ. ಆಗ ಕೊಡೋ ಮನಸ್ಸಿರಲಿಲ್ಲ. ಈಗ ಕೊಡೋ ಹಾಗಿಲ್ಲ. ಸೋಫಾ ಎತ್ತುವಾಗಲೂ ಕೆಳಗಿಡಲಿಲ್ವಲ್ಲ! ಎಲ್ರೂ ಇವಳ ಮುಖ ನೋಡ್ತಿದ್ರು, ನಿನ್ನ ಕೈ ಯಾರೂ ನೋಡ್ಲಿಲ್ಲ. ಕೊಡು ಇಲ್ಲಿ.”

ಹೂಗಳ ನಡುವಿನಿಂದ ಕೆಂಪು ರಿಬ್ಬನ್ ಹೊರಬಂತು. ತುದಿಗಳಲ್ಲಿ ಉಂಗುರ.

“ಯಾಕಪ್ಪಾ?” ಎಂದಳು ಹುಡುಗಿ.

“ಹುಡುಗನ ತಂದೇನ ನೀನು ಅವರ ಭಾಷೇಲಿ ಏನೋ ಅಂತ ಕರೆದೆ. ಅದರರ್ಥ ಏನು ಅಂತ ಹುಡುಗನ್ನೇ ಕೇಳಿದೆ. ಅಪ್ಪ ಅಂತಂತೆ! ನನ್ನ ಹತ್ರ ಕೂತು ಮಾತಾಡೋಕೆ ಪುರುಸೊತ್ತಿಲ್ಲ ನಿನಗೆ. ಇವರ ಭಾಷೆ ಕಲಿಯೋಕೆ ಇತ್ತು.”

ಹುಡುಗಿ ಅತ್ತುಕೊಂಡೇ ಅದನ್ನು ಆ ಭಾಷೆಗೆ ತಿರುಗಿಸಿ ಹೇಳಿದಳು. ಹುಡುಗನ ತಂದೆ ಕತ್ತರಿ ಎತ್ತಿ ಅಪ್ಪನ ಕೈಗಿಟ್ಟರು.

ರಿಬ್ಬನ್ ಕತ್ತರಿಸಿದ ಮೇಲೆ ತಂಗಿ ಅಕ್ಕನ ಪಕ್ಕ ಬಂದು ನಿಂತಳು. “ನಿನ್ನನ್ನ ಅನುಮಾನಿಸಿಬಿಟ್ಟೆ ಕಣೇ.”

“ಅದರಲ್ಲಿ ತಪ್ಪೇನಿಲ್ಲ ಬಿಡು,” ಅಕ್ಕ ಅವಳ ಉಂಗುರವನ್ನೇ ನೋಡುತ್ತಿದ್ದಳು. “ಎತ್ಕೊಳ್ಳೋಣ ಅಂತಲೇ ಹೋಗಿದ್ದೆ. ಅಷ್ಟರಲ್ಲಿ ಅಪ್ಪ ಬಂದ್ಬಿಟ್ರು.”