ಕೋಳಿಗೆ ಒಂದು ಗುಟುಕು ನೀರು

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಹಿತ್ತಿಲ ಗೋಡೆಯೇ ಕಾಣುತ್ತಿರಲಿಲ್ಲ. ಬಟ್ಟೆ ಒಣಹಾಕುವ ತಂತಿಯಿಂದ ಹನಿ ತೊಟ್ಟಿಕ್ಕುತ್ತಿತ್ತು. ಕೋಳಿಗೂಡಿನ ಬಾಗಿಲು ಅರ್ಧ ತೆರೆದಿತ್ತು.

"ಗುಬ್ಬೀ! ಬಾರೋ ಇಲ್ಲಿ!" ಪಟಾಕಿ ಕಿರುಚಿದಳು.

ಮಾತು ಪಟಪಟ ಸಿಡಿಯುತ್ತದೆ ಎಂದು ಮನೆಯಲ್ಲಿ ಅವಳಿಗೆ ಪಟಾಕಿ ಅಂತಲೇ ಹೆಸರು. ಐದನೇ ಕ್ಲಾಸು. ಒಂದನೇ ಕ್ಲಾಸಿನ ತಮ್ಮ ಗುಬ್ಬಿ, ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡೇ ಓಡಿಬಂದ.

"ನಿನ್ನೆ ಚಿಲಕ ಹಾಕಿದ್ಯಾ?"

"ಹಾಕ್ದೆ... ಹಾಕ್ದೆ ಅನ್ಸುತ್ತೆ."

"ಅನ್ಸುತ್ತಂತೆ! ನೋಡು, ಮಿಸ್ ಹೇಗೆ ನೆಂದುಹೋಗಿದಾಳೆ!"

ಮಿಸ್ ಅಂದರೆ ಅವರ ಕೋಳಿ. ಇನ್ನೂ ಒಂದು ಮೊಟ್ಟೆಯನ್ನೂ ಇಡದ ಎಳೆ ಹೇಂಟೆ. ಕತ್ತು ಓರೆ ಮಾಡಿ, ಒಂದೇ ಕಣ್ಣಲ್ಲಿ ಎಲ್ಲರನ್ನೂ ಗದರಿಸುವಂತೆ ನೋಡುವುದು ಥೇಟ್ ಕ್ಲಾಸ್ ಟೀಚರ್ ಥರವೇ ಇದ್ದುದರಿಂದ ಆ ಹೆಸರು. ಈಗ ಮಾತ್ರ ಪುಕ್ಕ ಕೆದರಿಕೊಂಡು, ಕಣ್ಣು ಮುಚ್ಚಿ, ಮೂಲೆಯಲ್ಲಿ ಮುದುಡಿ ನಿಂತಿತ್ತು.

ಪಟಾಕಿ ಅದನ್ನು ಫ್ರಾಕಿನಲ್ಲಿ ಸುತ್ತಿಕೊಂಡು ಪಕ್ಕದ ಮನೆಗೆ ಓಡಿದಳು. ಅಲ್ಲಿ ಮೊಟ್ಟೆ ಅಜ್ಜಿ ಇದ್ದಳು. ಇಪ್ಪತ್ತು ಕೋಳಿ ಸಾಕಿ, ಮೊಟ್ಟೆ ಮಾರಿ ಬದುಕುವವಳು. ಅಜ್ಜಿ ಕೋಳಿಯ ರೆಕ್ಕೆಯಡಿಗೆ ಕೈಹಾಕಿ ನೋಡಿದಳು.

"ಥಂಡಿ ಹಿಡಿದಿದೆ ಕಣೇ. ಗಾಬರಿ ಆಗ್ಬೇಡ. ಡಬ್ಬಕ್ಕೆ ಹಳೇ ಬಟ್ಟೆ ಹಾಕಿ ಒಲೆ ಹತ್ರ ಇಡು. ನೀರನ್ನ ಮಾತ್ರ ಬಾಯಿಗೆ ಸುರೀಬೇಡ. ಕೋಳಿಗೆ ನಾಲಿಗೆ ಬುಡದಲ್ಲೇ ಉಸಿರಿನ ತೂತು ಇರುತ್ತೆ. ಬೆರಳ ತುದೀಲಿ ಒಂದೊಂದೇ ಹನಿ ಕೊಕ್ಕಿಗೆ ಮುಟ್ಟಿಸು, ತಾನಾಗೇ ಕುಡಿಯುತ್ತೆ. ನಿಧಾನ, ಗೊತ್ತಾಯ್ತಾ? ನಿನ್ನ ಬಾಯಿ ಓಡೋ ಹಾಗೆ ಕೈ ಓಡಬಾರದು!"

ಪಟಾಕಿ ಹಾಗೇ ಮಾಡಿದಳು. ಒಂದು ಹನಿ, ಕಾಯುವುದು. ಮತ್ತೊಂದು ಹನಿ, ಮತ್ತೆ ಕಾಯುವುದು. ಎರಡನೇ ದಿನ ಮಿಸ್ ಅವಳ ಅಂಗೈಯಿಂದ ಐದು ಅಕ್ಕಿ ಕಾಳು ಹೆಕ್ಕಿತು.

"ಅಮ್ಮಾ, ಐದು ತಿಂದ್ಳು! ಐದು!"

ಹೊಲಿಗೆ ಮೆಷಿನ್ ಮುಂದಿದ್ದ ಅಮ್ಮ ನಕ್ಕಳು. "ನೀನು ಊಟ ಮಾಡಿದ್ರೂ ನಾನು ಇಷ್ಟು ಕುಣಿಯಲ್ಲ ನೋಡು."

ಮೂರನೇ ದಿನ ಸ್ಕೂಲಿನಿಂದ ಬಂದಾಗ ಬಟ್ಟಲಿನ ನೀರು ಹಾಗೇ ಇತ್ತು. ಅಮ್ಮ ಅಂಗಡಿಗೆ ಹೋಗಿದ್ದಳು. ಪಟಾಕಿ ಹನಿ ಮುಟ್ಟಿಸಿದಳು. ಮಿಸ್ ಕುಡಿಯಲಿಲ್ಲ. ಇನ್ನೊಂದು ಹನಿ. ಊಹೂಂ.

ಹೀಗೆ ಹನಿಹನಿ ಕೊಟ್ಟರೆ ಯಾವಾಗ ಹುಷಾರಾಗುವುದು? ಕಪಾಟಿನಲ್ಲಿ ಗುಬ್ಬಿಯ ಕೆಮ್ಮಿನ ಔಷಧಿಯ ಡ್ರಾಪರ್ ಇತ್ತು. ತೊಳೆದು, ನೀರು ತುಂಬಿಸಿದಳು. 'ದೇವರೇ, ಒಂದೇ ಒಂದು ಗುಟುಕು ಕುಡೀಲಿ' ಎಂದು ಕಣ್ಣು ಮುಚ್ಚಿದಳು. ಆಮೇಲೆ ಕೊಕ್ಕು ಬಿಡಿಸಿ ಡ್ರಾಪರನ್ನು ಹಿಂಡಿದಳು.

ಮಿಸ್ ತಲೆ ಒದರಿತು. ಗಂಟಲಲ್ಲಿ ಗೊರಗೊರ ಸದ್ದು. ಕತ್ತು ಉದ್ದ ಮಾಡಿ ಬಾಯಿ ತೆರೆಯಿತು, ಮತ್ತೆ ತೆರೆಯಿತು. ಕಾಲುಗಳು ಪಟಾಕಿಯ ಹೊಟ್ಟೆಯನ್ನು ಎರಡು ಸಲ ಒದ್ದವು. ಆಮೇಲೆ ಒದೆಯಲಿಲ್ಲ.

ಪಟಾಕಿ ಅದನ್ನು ಡಬ್ಬದಲ್ಲಿ ಮಲಗಿಸಿದಳು. ನಂತರ ಎದ್ದು, ಡ್ರಾಪರನ್ನು ಒರೆಸಿ, ಎಲ್ಲಿತ್ತೋ ಅಲ್ಲೇ ಇಟ್ಟಳು.

"ಥಂಡಿ ತಡ್ಕೊಳ್ಳಲಿಲ್ಲ ಪಾಪ," ಎಂದಳು ಅಂಗಡಿಯಿಂದ ಬಂದ ಅಮ್ಮ. ಗುಬ್ಬಿಯ ಕಡೆ ಒಮ್ಮೆ ನೋಡಿದಳು, ಅಷ್ಟೇ. ಬೈಯಲಿಲ್ಲ. ಗುಬ್ಬಿ ಬಾಗಿಲ ಹಿಂದೆ ಸರಿದ.

ಆಗ ಹೇಳಬಹುದಿತ್ತು. ಸದಾ ಸಿಡಿಯುವ ಬಾಯಿ ಆ ಹೊತ್ತು ಸಿಡಿಯಲಿಲ್ಲ.

ಮೊಟ್ಟೆ ಅಜ್ಜಿಯೇ ಬಂದು ಹಿತ್ತಿಲಲ್ಲಿ ಗುಂಡಿ ತೋಡಿದಳು. ಕೋಳಿಯನ್ನು ಎತ್ತಿದಾಗ ಕೊಕ್ಕಿನಿಂದ ನೀರು ಸೋರಿತು. ಅಜ್ಜಿಯ ಕೈ ಅಲ್ಲೇ ನಿಂತಿತು.

"ನೀರು ಕುಡಿಸಿದ್ಯೇನೇ?"

"ಇಲ್ಲ ಅಜ್ಜಿ. ತಾನಾಗೇ ಕುಡೀತು."

ಅಜ್ಜಿ ಕೊಕ್ಕನ್ನು ಬೆರಳಿಂದ ಒರೆಸಿದಳು. "ಆಯ್ತು. ಜೀವ ಕೊಟ್ಟೋನಿಗೆ ಎಲ್ಲಾ ಗೊತ್ತು. ಮಣ್ಣು ಹಾಕಿ, ಮಕ್ಕಳೇ."

ಮಣ್ಣು ಹಾಕಿ ಕೈ ತೊಳೆಯುವಾಗ ಗುಬ್ಬಿ ಅಕ್ಕನ ಕೈಗೆ ಏನೋ ತುರುಕಿದ. ಹಸಿರು ಸುಳಿಯ ದೊಡ್ಡ ಗೋಲಿ. ಯಾರಿಗೂ ಮುಟ್ಟಲೂ ಕೊಡದೆ, ಮಲಗುವಾಗಲೂ ಹಿಡಿದುಕೊಳ್ಳುತ್ತಿದ್ದ ಗೋಲಿ.

"ಯಾಕೋ?"

"ನಾನು ಚಿಲಕ ಹಾಕ್ಲಿಲ್ಲ. ನಿನ್ನ ಮಿಸ್ ಹೋದ್ಳು. ಅದಕ್ಕೆ ಇದು ನಿಂಗೆ."

ಪಟಾಕಿ ಬೇಡ ಎನ್ನಲಿಲ್ಲ. ಮುಷ್ಟಿ ಮುಚ್ಚಿದಳು.

ಮರುದಿನ ಕ್ಲಾಸಿನಲ್ಲಿ ಗೋಲಿ ಜೇಬಿನೊಳಗೆ ತೊಡೆಗೆ ಒತ್ತುತ್ತಲೇ ಇತ್ತು. ಪಕ್ಕದವಳು "ಕೋಳಿ ಹೇಗಿದೆಯೇ?" ಎಂದು ಕೇಳಿದರೆ, "ಸುಮ್ನಿರೇ" ಎಂದು ರೇಗಿದಳು.

ಸಂಜೆ ಹಿತ್ತಿಲಿಗೆ ಬಂದಳು. ಗುಬ್ಬಿ ಖಾಲಿ ಗೂಡಿನ ಮುಂದೆ ನಿಂತಿದ್ದ. ಬಾಗಿಲು ಮುಚ್ಚಿ ಚಿಲಕ ಹಾಕಿದ. ಎಳೆದು ನೋಡಿದ. ಎರಡು ಹೆಜ್ಜೆ ಹೋದವನು ತಿರುಗಿ ಬಂದು ಮತ್ತೆ ಎಳೆದು ನೋಡಿದ.

ಪಟಾಕಿ ಹತ್ತಿರ ಹೋಗಿ ಅವನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು.

"ಚಿಲಕದಿಂದ ಅಲ್ಲ ಕಣೋ. ಮಿಸ್ ಹುಷಾರಾಗ್ತಾ ಇದ್ಳು. ನಾನೇ ಡ್ರಾಪರಲ್ಲಿ ನೀರು ಸುರಿದೆ."

ಗುಬ್ಬಿ ಅಕ್ಕನ ಮುಖವನ್ನೇ ನೋಡಿದ.

ಅವಳು ಅವನ ಅಂಗೈ ಬಿಡಿಸಿ, ಗೋಲಿ ಇಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದಳು.