ಬಟ್ಟಲಿನ ಅಂಚಿನ ಗೆರೆ

ಅಕ್ಟೋಬರ್ ತಿಂಗಳ ಒಂದು ಬುಧವಾರ, ಬೆಳಿಗ್ಗೆ ಒಂಬತ್ತರ ಹೊತ್ತು. ಠಾಣೆಯ ಬಾಗಿಲಲ್ಲಿ ಸಿಪ್ರಿಯಾನೊ ವಿಕ್ಟೋರಿನೊ ಒಂದು ಮರದ ಪೆಟ್ಟಿಗೆಯನ್ನು ಎದೆಗವಚಿಕೊಂಡು ನಿಂತಿದ್ದರು. ನ್ಯೂ ಮೆಕ್ಸಿಕೊದ ನಮ್ಮ ಪ್ವೆಬ್ಲೊದಿಂದ, ಅಂದರೆ ಮೂಲನಿವಾಸಿಗಳ ಊರಿನಿಂದ, ಹೋದ ಹಳೆಯ ವಸ್ತುಗಳನ್ನು ಮ್ಯೂಸಿಯಂಗಳಿಂದ ವಾಪಸು ತರಿಸುವುದು ಅವರ ಕೆಲಸ.

"ರೇಮಂಡ್, ಇದು ಅದಲ್ಲ."

ಇನ್‌ಸ್ಪೆಕ್ಟರ್ ರೇಮಂಡ್ ತೋರಿವಿಯೊ ಕಾಫಿ ಕೆಳಗಿಟ್ಟ. "ಯಾವುದು ಅದಲ್ಲ, ಮಾವ?"

"ಬಟ್ಟಲು. ನಾಳೆ ಮಣ್ಣಿಗಿಡಬೇಕಾದ ಬಟ್ಟಲು. ಯಾರೋ ಬದಲಾಯಿಸಿದಾರೆ."

ಆ ಬಟ್ಟಲಿನ ಕತೆ ಊರಿಗೆಲ್ಲ ಗೊತ್ತು. ನಮ್ಮ ಅಜ್ಜಂದಿರ ಕಾಲದಲ್ಲಿ ಪುರಾತತ್ವದವರು ಕಣಿವೆಯ ಹಳೆಯೂರನ್ನು ಅಗೆದಾಗ ಒಂದು ಹೆಣ್ಣು ಮಗುವಿನ ಸಮಾಧಿಯಲ್ಲಿ ಸಿಕ್ಕಿದ್ದು. ಬಿಳಿಯ ಮೇಲೆ ಕಪ್ಪು ಬಣ್ಣದಲ್ಲಿ ಎರಡು ಹಕ್ಕಿಗಳು. ಮಗುವಿನ ಮುಖದ ಮೇಲೆ ಬೋರಲಾಗಿತ್ತಂತೆ. ವರ್ಷಗಟ್ಟಲೆ ಹೋರಾಡಿದ ಮೇಲೆ ಹೋದ ವಾರವಷ್ಟೇ ವಾಪಸು ಬಂದಿತ್ತು. ಗುರುವಾರ ಸೂರ್ಯ ಹುಟ್ಟುವ ಮೊದಲೇ ಅದೇ ಕಣಿವೆಯಲ್ಲಿ ಹೂಳುವುದೆಂದು ನಿಶ್ಚಯವಾಗಿ ಹಿರಿಯರು ಉಪವಾಸ ಕೂತಿದ್ದರು. ನಕಲಿಯನ್ನು ಹೂತರೆ ಸತ್ತ ಮಗುವಿಗೆ ಮೋಸ; ಹೂಳದಿದ್ದರೆ ಉಪವಾಸ ಕೂತವರಿಗೆ ಮುಖ ತೋರಿಸುವುದು ಹೇಗೆ?

"ಅಂಚಿನ ಗೆರೆ ಮೇಲೆ ಬೆರಳಾಡಿಸು," ಎಂದರು ಸಿಪ್ರಿಯಾನೊ.

ರೇಮಂಡನ ಬೆರಳು ಸುತ್ತು ಬಂದು ಒಂದು ಕಡೆ ನಿಂತಿತು. ಮೆಕ್ಕೆಜೋಳದ ಕಾಳಿನಷ್ಟು ಜಾಗದಲ್ಲಿ ಗೆರೆ ಇರಲಿಲ್ಲ.

ನಮ್ಮ ಹೆಂಗಸರು ಬಟ್ಟಲಿನ ಅಂಚಿಗೆ ಗೆರೆ ಎಳೆಯುವಾಗ ಕೊನೆಗೊಂದು ಸಂದು ಬಿಡುತ್ತಾರೆ. ಗೆರೆ ಮುಚ್ಚಿದರೆ ಬಾಳಿನ ದಾರಿ ಮುಚ್ಚಿದಂತೆ. ಆದರೆ ಆ ಮಗುವಿನ ಬಟ್ಟಲಿನಲ್ಲಿ ಗೆರೆ ಪೂರ್ತಿ ಕೂಡಿತ್ತು. ಅದನ್ನು ಬರೆದ ತಾಯಿ ಬೇಕೆಂದೇ ಮುಚ್ಚಿರಬೇಕು ಎಂದು ಸಿಪ್ರಿಯಾನೊ ಮ್ಯೂಸಿಯಂನಲ್ಲೇ ಅತ್ತಿದ್ದರು.

9.25ಕ್ಕೆ ಎಫ್‌ಐಆರ್ ದಾಖಲಾಯಿತು. ಹತ್ತು ಗಂಟೆಗೆ ರೇಮಂಡ್ ಮತ್ತು ಕಾನ್‌ಸ್ಟೇಬಲ್ ಡಾರ್ಲೀನ್ ಶುತಿವಾ ಸಮುದಾಯ ಭವನದಲ್ಲಿ ಪಂಚನಾಮೆ ನಡೆಸಿದರು. ಬೀಗ ಮುರಿದಿರಲಿಲ್ಲ, ಕಿಟಕಿಗಳು ಭದ್ರವಾಗಿದ್ದವು. ಸೋಮವಾರ ಮೂವರು ಹೆಂಗಸರು ಬಟ್ಟಲಿಗೆ ಹತ್ತಿಬಟ್ಟೆ ಸುತ್ತಿ ಪೆಟ್ಟಿಗೆಯಲ್ಲಿಟ್ಟಿದ್ದರು. ಸಾಂತಾನಾ ಅಜ್ಜಿ, ಬರ್ನಡೆಟ್, ಎರ್ಲಿಂಡಾ. ಬೇಸಿಗೆಯಲ್ಲಿ ಮ್ಯೂಸಿಯಂಗೆ ಹೋಗಿ ಬಟ್ಟಲನ್ನು ಕೈಯಾರೆ ಹಿಡಿದು ನೋಡಿದ್ದವರೂ ಇವರೇ. ಮೂವರೂ ಮಡಕೆ ಮಾಡುವವರು, ಸಾಲದ್ದಕ್ಕೆ ಮೂವರೂ ರೇಮಂಡನ ನೆಂಟರು. ನಮ್ಮೂರಲ್ಲಿ ಪೊಲೀಸ್ ಕೆಲಸವೆಂದರೆ ಇದೇ ಪಾಡು. ವಾರಂಟ್ ಹಿಡಿದು ಹೋದ ಮನೆಯವರೇ ಊಟಕ್ಕೆ ಏಳಿಸುತ್ತಾರೆ.

ಸಾಂತಾನಾ ಅಜ್ಜಿ ತನ್ನ ಮನೆಯಂಗಳದಲ್ಲಿ, ರೇಮಂಡ್ ತಂದ ನಕಲಿಯನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದಳು.

"ಒಳ್ಳೇ ಕೈ," ಎಂದಳು.

"ನಿಂದೇನಾ, ಅಜ್ಜಿ?"

"ನಂದಾಗಿದ್ರೆ ಗೆರೆ ಮುಚ್ಚಿ ಎಳೀತಿದ್ದೆ. ಈ ವಯಸ್ಸಲ್ಲಿ ನನಗಿನ್ನೆಂಥಾ ಹೆದರಿಕೆ?"

"ಬರ್ನಡೆಟ್?"

"ಅವಳು ಎಲ್ಲಾದಕ್ಕೂ ಮುಚ್ತಾಳೆ. ಪ್ರವಾಸಿಗಳಿಗೆ ಹಾಗಿದ್ರೇ ಚೆಂದವಂತೆ. ಅವಳಿಗೆ ಹಿಂದಿಲ್ಲ ಮುಂದಿಲ್ಲ." ಅಜ್ಜಿ ಬಟ್ಟಲನ್ನು ಅವನ ಕೈಗಿಟ್ಟಳು. "ಹಕ್ಕಿಯ ರೆಕ್ಕೆ ಕೂಡ ತಪ್ಪಿಲ್ಲ, ನೋಡು. ಇಷ್ಟೆಲ್ಲ ಬರೆದವಳಿಗೆ ಇದೊಂದು ಚೂರು ಬರೆಯೋಕೆ ಬರಲ್ವಾ? ಹೆದರಿದಾಳೆ. ಮನೇಲಿ ಯಾರೋ ಬಸುರಿ ಇದಾಳೆ."

ಅಜ್ಜಿ ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಎರ್ಲಿಂಡಾ ರೇಮಂಡನ ತಾಯಿಯ ತಂಗಿ, ಅವನನ್ನು ಎತ್ತಿ ಆಡಿಸಿದವಳು. ಅವಳ ಮಗಳು ಜಾನೆಲ್‌ಗೆ ಹಿಂದೆ ಎರಡು ಸಲ ಗರ್ಭ ನಿಂತಿರಲಿಲ್ಲ. ಈಗ ದಿನ ತುಂಬಿತ್ತು. ರೇಮಂಡ್ ಜೀಪನ್ನು ಎರ್ಲಿಂಡಾಳ ಮನೆಯ ಕಡೆ ತಿರುಗಿಸಿದ. ಈ ಮನೆಗೆ ಈ ಹೊತ್ತಿನಲ್ಲಿ ಪೊಲೀಸ್ ಕಾಲಿಡಬೇಕೆ? ಆ ಹುಡುಗಿಗೆ ಏನಾದರೂ ಹೆಚ್ಚುಕಡಿಮೆಯಾದರೆ?

ಎರ್ಲಿಂಡಾ ಒಲೆಯ ಮುಂದಿದ್ದಳು. ಜಾನೆಲ್ ಊದಿದ ಕಾಲುಗಳನ್ನು ಮಣೆಯ ಮೇಲಿಟ್ಟು ಕೂತಿದ್ದಳು.

"ಬಾ ಮಗಾ, ಕೂತ್ಕೋ. ಮೆಣಸಿನಕಾಯಿ ಸಾರು ಈಗಷ್ಟೇ ಇಳಿಸಿದೆ."

"ಊಟಕ್ಕೆ ಬಂದಿಲ್ಲ, ಚಿಕ್ಕಮ್ಮ."

"ಗೊತ್ತು. ಡಾರ್ಲೀನ್ ಒಳಗೆ ಬರದೆ ಹೊಸ್ತಿಲಲ್ಲೇ ನಿಂತಿದಾಳಲ್ಲ. ಕೇಳು."

"ಸೋಮವಾರ ಬಟ್ಟೆಯ ಕಡೇ ಸುತ್ತು ಹಾಕಿದ್ದು ಯಾರು?"

"ನಾನು. ಅವರಿಬ್ಬರೂ ಕೈ ತೊಳೆಯೋಕೆ ಹೋಗಿದ್ರು."

"ನಕಲಿ ಎಲ್ಲಿತ್ತು?"

"ನನ್ನ ಶಾಲಿನೊಳಗೆ."

"ಅಮ್ಮಾ," ಎಂದಳು ಜಾನೆಲ್.

"ಆ ಒಂದು ಚೂರು ಗೆರೆ ಎಳೆದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ, ಚಿಕ್ಕಮ್ಮ."

"ಕುಂಚ ಎತ್ತಿದೆ, ಇಟ್ಟೆ. ಮತ್ತೆ ಎತ್ತಿದೆ. ಇವಳು ಪಕ್ಕದಲ್ಲೇ ಮಲಗಿದ್ಲು ಕಣೋ. ಹೇಗೆ ಮುಚ್ಚಲಿ?"

ನಿಜವಾದ ಬಟ್ಟಲು ಒಳಕೋಣೆಯಲ್ಲಿ, ನೀಲಿ ಜೋಳದ ತೆನೆಗಳ ರಾಶಿಯ ಮೇಲೆ ಉಣ್ಣೆಯ ಹೊದಿಕೆಯಲ್ಲಿತ್ತು. ಎದುರಿಗೆ ಒಂದು ಚೂರು ರೊಟ್ಟಿ.

"ಯಾಕೆ ತಗೊಂಡೆ?"

"ಬಟ್ಟಲು ಬಂತು. ಮಗು ಎಲ್ಲಿ?"

ರೇಮಂಡ್ ಹೊದಿಕೆಯನ್ನು ಮತ್ತೆ ಬಟ್ಟಲಿನ ಮೇಲೆಳೆದ.

"ಮ್ಯೂಸಿಯಂನೋರು ಮುಖದ ಮೇಲಿದ್ದ ಬಟ್ಟಲು ಕಳಿಸಿದ್ರು. ಮೂಳೆ ಎಲ್ಲಿಟ್ಟಿದೀವೋ ಸಿಕ್ತಿಲ್ಲ ಅಂತ ಬರೆದ್ರು. ನಮ್ಮೋರು ಆಯ್ತು ಅಂದ್ರು. ನಾಳೆ ಹೂತುಬಿಟ್ರೆ ಎಲ್ಲಾ ಮುಗೀತು. ಆಮೇಲೆ ಮಗೂನ ಯಾರು ಹುಡುಕ್ತಾರೆ? ಅದು ಬರೋವರೆಗೂ ಅದರ ಬಟ್ಟಲನ್ನ ಯಾರಾದ್ರೂ ಕಾಯ್ಬೇಕಲ್ಲ."

"ಹಿರಿಯರ ಹತ್ರ ಹೇಳಬಹುದಿತ್ತು."

"ಹೇಳ್ದೆ. ಇಷ್ಟಾದ್ರೂ ಸಿಕ್ತಲ್ಲ, ಸುಮ್ನಿರಮ್ಮ ಅಂದ್ರು."

2.40ಕ್ಕೆ ಎರ್ಲಿಂಡಾ ಸರಾಸಿನೊಳ ಬಂಧನವಾಯಿತು. ಬೇಡಿ ಹಾಕಲಿಲ್ಲ, ಡಾರ್ಲೀನ್ ಕೈ ಹಿಡಿದು ಜೀಪಿಗೆ ಹತ್ತಿಸಿದಳು. ಸಾಂತಾನಾ ಅಜ್ಜಿ ಹಾಸಿಗೆ ಹೊತ್ತುಕೊಂಡು ಜಾನೆಲ್ ಜೊತೆಗಿರಲು ಬಂದಳು.

ಸಂಜೆ ಸಿಪ್ರಿಯಾನೊ ಓಡಿಬಂದರು. "ಸದ್ಯ, ಹೋದ ಜೀವ ಬಂತು. ಕೊಡಪ್ಪಾ, ಬೆಳಗಿನ ಜಾವಕ್ಕೆ ಹೊರಡಬೇಕು."

"ಕೊಡೋಕಾಗಲ್ಲ, ಮಾವ. ಅದು ಮುದ್ದೆಮಾಲು. ಕೇಸು ಮುಗಿದ ಮೇಲೆ ಒಡೆಯರಿಗೇ ಒಪ್ಪಿಸಬೇಕು."

"ಒಡೆಯರು ನಾವೇ ಅಲ್ವೇನೋ?"

ರೇಮಂಡ್ ಬಟ್ಟಲು ಸಿಕ್ಕ ಮೇಲೆ ಬರೆದ ಜಪ್ತಿ ಪತ್ರವನ್ನು ಅವರ ಕಡೆ ತಿರುಗಿಸಿದ. ಸ್ವತ್ತಿನ ಒಡೆಯರು ಎಂಬಲ್ಲಿ ಹೀಗಿತ್ತು: ಹೆಣ್ಣು ಮಗು, ಹೆಸರು ತಿಳಿದಿಲ್ಲ, ಪತ್ತೆಯಾಗಬೇಕು.

ಸಿಪ್ರಿಯಾನೊ ಅದನ್ನು ಓದಿದರು. ಕುರ್ಚಿ ಎಳೆದು ಕೂತರು.

"ಮೂಳೆ ಸಿಗಲಿಲ್ಲ ಅನ್ನೋ ಕಾಗದಕ್ಕೆ ಸಹಿ ಹಾಕಿದ್ದು ನಾನೇ," ಎಂದರು. "ನನಗೆ ಸಾಕಾಗಿತ್ತು, ರೇಮಂಡ್. ಅಷ್ಟೇ."

"ಈಗ ಪೊಲೀಸರಿಂದಲೂ ಮ್ಯೂಸಿಯಂಗೆ ಒಂದು ಪತ್ರ ಹೋಗುತ್ತೆ. ಮಗುವಿನ ಮೂಳೆ ತನಿಖೆಗೆ ಬೇಕು ಅಂತ."

"ನಂದೂ ಹೋಗುತ್ತೆ." ಸಿಪ್ರಿಯಾನೊ ಹ್ಯಾಟು ಎತ್ತಿಕೊಂಡರು. "ಮೊದಲು ಹಿರಿಯರಿಗೆ ಊಟ ಮಾಡ್ರಪ್ಪಾ ಅಂತ ಹೇಳ್ಬೇಕು. ಬೈತಾರೆ. ಬೈಲಿ."

ರೇಮಂಡ್ ಬಟ್ಟಲನ್ನು ಬೀರುವಿನಲ್ಲಿಟ್ಟ. ಬೀಗ ಹಾಕುವಾಗ ಲಾಕಪ್ಪಿನಿಂದ ಎರ್ಲಿಂಡಾ ಕೂಗಿದಳು.

"ಮಗಾ, ಅದರ ಮುಂದೆ ಏನಾದ್ರೂ ಇಟ್ಯಾ? ಮಗು ದೂರದಿಂದ ಬರಬೇಕು."

ಅವನು ಮಧ್ಯಾಹ್ನ ತಿನ್ನಲಾಗದೆ ಬಿಟ್ಟಿದ್ದ ರೊಟ್ಟಿಯಲ್ಲಿ ಒಂದು ಚೂರು ಮುರಿದು ಬಟ್ಟಲಿನ ಪಕ್ಕ ಇಟ್ಟ. ಮುದ್ದೆಮಾಲಿನ ಪಟ್ಟಿಯಲ್ಲಿ ಅದನ್ನು ಬರೆಯಲಿಲ್ಲ.