ಹೆಗಲ ಹತ್ತಿರದ ಪದಕ

ಬೀಗರು ಹೊಳೆಯ ಕತೆ ಶುರು ಮಾಡಿದರೆಂದರೆ ಸಾಲುಮಾಸ್ತರನ ಗಂಟಲಲ್ಲಿ ತುತ್ತು ಇಳಿಯುತ್ತಿರಲಿಲ್ಲ. ಉಕ್ಕಿ ಬಂದ ಹೊಳೆ, ಕಿತ್ತುಹೋದ ಹಗ್ಗದ ಸೇತುವೆ, ನೀರಿನ ಪಾಲಾಗುತ್ತಿದ್ದ ವೈರ್‌ಲೆಸ್ ಸಿಪಾಯಿ, ಅವನನ್ನು ಬೀಗರು ಹೆಗಲ ಮೇಲೆ ಹೊತ್ತು ದಡ ಹತ್ತಿದ್ದು, ಅದಕ್ಕೆ ಶೌರ್ಯ ಪದಕ ಬಂದದ್ದು. ಎಲ್ಲ ಹೇಳಿ ಮುಗಿಸಿ ಮೀಸೆ ಒರೆಸಿಕೊಂಡು ಕೊನೆಗೊಂದು ಮಾತು ಸೇರಿಸುತ್ತಿದ್ದರು: "ನಮ್ ಬೀಗ್ರೂ ಅಲ್ಲೇ ಇದ್ರು."

ಅಲ್ಲೇ ಇದ್ರು. ಸಂತೆ ನೋಡಲು ಬಂದವರ ಹಾಗೆ.

ನೀರಿಗೆ ಧುಮುಕಿದವನು ಸಾಲುಮಾಸ್ತರ. ಬಂಡೆಗೆ ಬಡಿದು ಹೆಗಲ ಮೂಳೆ ಮುರಿದರೂ ಹಿಡಿತ ಬಿಡದೆ ಆ ಸಿಪಾಯಿಯನ್ನು ದಡದ ತನಕ ತಳ್ಳಿ ತಂದವನು ಅವನು. ಬೀಗರು ಆಗಿನ್ನೂ ಬೀಗರಲ್ಲ, ಒಂದೇ ಡೇರೆಯ ಜೊತೆಗಾರ. ಮೇಲೆ ನಿಂತು ಹಗ್ಗ ಹಿಡಿದಿದ್ದವರು ಕೊನೆಯ ಗಳಿಗೆಯಲ್ಲಿ ಬಗ್ಗಿ ಆ ಸಿಪಾಯಿಯನ್ನು ಎತ್ತಿ ಹೆಗಲಿಗೆ ಹಾಕಿಕೊಂಡರು. ಸರಿಯಾಗಿ ಆಗಲೇ ಮೇಜರ್ ಬಂದ. ಕಣ್ಣಿಗೆ ಬಿದ್ದದ್ದನ್ನು ಬರೆದುಕೊಂಡು ಹೋದ. ಬದುಕಿಕೊಂಡವನಿಗೆ ಮೈಮೇಲೆ ಪ್ರಜ್ಞೆಯೇ ಇರಲಿಲ್ಲ, ಅವನೇನು ಸಾಕ್ಷಿ ಹೇಳಿಯಾನು?

ಮುರಿದ ಹೆಗಲು ಬಂದೂಕಿನ ಒದೆತ ತಾಳುವುದಿಲ್ಲವೆಂದು ಡಾಕ್ಟರು ಹೇಳಿದ ಮೇಲೆ ಸಾಲುಮಾಸ್ತರನನ್ನು ಸಮವಸ್ತ್ರದ ಉಗ್ರಾಣಕ್ಕೆ ತಳ್ಳಿದರು. ಅಲ್ಲಿ ಅವನು ಉಳಿದ ಸೇವೆಯನ್ನೆಲ್ಲ ಬೇರೆಯವರ ಪದಕಗಳಿಗೆ ರಿಬ್ಬನ್ನು ಇಸ್ತ್ರಿ ಮಾಡುತ್ತ, ಹಿತ್ತಾಳೆಯ ಪಟ್ಟಿಗೆ ಅವುಗಳನ್ನು ಸಾಲಾಗಿ ಏರಿಸುತ್ತ ಕಳೆದ. ಸಾಲಿಗೊಂದು ಕಾಯಿದೆಯಿದೆ. ಶೌರ್ಯ ಮೊದಲು, ಎದೆಯ ನಡುವಿನ ಕಡೆಗೆ. ಆಮೇಲೆ ಗಡಿ, ಹಿಮ, ಪ್ರವಾಹ, ಎಲ್ಲ ಮುಗಿದ ಮೇಲೆ ದೀರ್ಘ ಸೇವೆ. ಒಂದು ಹಿಂದೆಮುಂದೆ ಆದರೂ ಅವನಿಗೆ ಅಂಗಿಯ ಗುಂಡಿ ತಪ್ಪಿ ಹಾಕಿಕೊಂಡಂತೆ ಮೈಯೆಲ್ಲ ಕಸಿವಿಸಿ. ಸಾಲುಮಾಸ್ತರ ಎಂಬ ಹೆಸರು ಬಂದದ್ದೇ ಹಾಗೆ. ಅವನಿಗೂ ಗಡಿಯದು ಸಿಕ್ಕಿತ್ತು, ಹಿಮದ್ದು ಸಿಕ್ಕಿತ್ತು, ಪ್ರವಾಹದ್ದೂ ಸಿಕ್ಕಿತ್ತು. ದೀರ್ಘ ಸೇವೆಯದು ಬಂದಾಗ ಜೊತೆಯವರು, "ಸ್ಟೂಲು ಸವೆಸಿದ್ದಕ್ಕೆ ಕೊಟ್ರು ಕಣೋ" ಎಂದು ನಕ್ಕಿದ್ದರು. ಸಾಲಿನ ತಲೆ ಮಾತ್ರ ಖಾಲಿಯಾಗಿಯೇ ಉಳಿಯಿತು.

ಇಷ್ಟು ಸಾಲದೆಂಬಂತೆ ಬೀಗರು ಆ ಪದಕವನ್ನು ಸಾಲಿನ ತುದಿಯಲ್ಲಿ ಹಾಕಿಕೊಳ್ಳುತ್ತಿದ್ದರು.

"ಬೀಗ್ರೇ, ಶೌರ್ಯದ್ದು ಮೊದಲು ಬರ್ಬೇಕು. ಗೂಟಕ್ಕೆ ಚೀಲ ನೇತುಹಾಕಿದ ಹಾಗೆ ಕೊನೇಲಿ ಹಾಕ್ಕೊಂಡಿದ್ದೀರಲ್ಲ. ಕೊಡಿ ಇಲ್ಲಿ, ಕಣ್ಣುಮುಚ್ಚಿ ತೆಗೆಯೋದ್ರೊಳಗೆ ಸರಿ ಮಾಡ್ತೀನಿ."

"ನಮ್ಮವಳು ಇಟ್ಟಿದ್ದು ಅದು. ಹೆಗಲ ಮೇಲೆ ಹೊತ್ತು ತಂದಿದ್ದಲ್ವಾ, ಹೆಗಲ ಹತ್ರಾನೇ ಇರ್ಲಿ ಅಂದ್ಳು. ಅವಳು ಹೋದ್ಮೇಲೆ ಪಾಲಿಶ್ ಹಾಕೋಕೂ ನಾನು ಅದನ್ನ ಜಾಗದಿಂದ ಕದಲಿಸಿಲ್ಲ. ಸುಮ್ನಿರಿ ಸಾಲುಮಾಸ್ತರ್ರೇ."

ಮಾಜಿ ಸೈನಿಕರ ಸಂಘದಲ್ಲಿ ಇದು ಪ್ರತಿ ವರ್ಷದ ತಮಾಷೆ. ಎಲ್ಲರೂ ನಗುತ್ತಿದ್ದರು, ಇವನೂ ನಗುತ್ತಿದ್ದ. ಮಗಳನ್ನು ಕೊಟ್ಟ ಮನೆ, ನಗದೆ ಏನು ಮಾಡುವುದು?

ಆದರೆ ಮೊಮ್ಮಗಳು ಒಂದು ದಿನ ಇವನ ತೊಡೆಯ ಮೇಲೆ ಕುಳಿತು ಕೇಳಿದಳು: "ತಾತ, ಆ ತಾತನಿಗೆ ಕೊಟ್ಟ ಪದಕ ನಿಮಗ್ಯಾಕೆ ಕೊಡ್ಲಿಲ್ಲ? ನೀವು ನೀರು ನೋಡಿ ಹೆದರಿಬಿಟ್ರಾ?"

ಅವಳನ್ನು ಕೆಳಗಿಳಿಸುವಾಗಲೇ ಅವನು ತೀರ್ಮಾನಿಸಿಬಿಟ್ಟಿದ್ದ. ತನ್ನ ವಸ್ತುವನ್ನು ತಾನು ಮನೆಗೆ ತಂದುಕೊಳ್ಳುವುದಕ್ಕೆ ಲೋಕ ಕಳ್ಳತನವೆಂದು ಹೆಸರಿಟ್ಟರೆ ಇಡಲಿ. ಮಗಳು ಆ ಮನೆಯಲ್ಲಿ ತಲೆಯೆತ್ತಿ ಬಾಳಬೇಕು ಎಂಬುದೊಂದು ಅವನನ್ನು ತಡೆಯಿತು, ಒಂದು ಗಳಿಗೆ. ಆದರೆ ಕದ್ದದ್ದೇ ಗೊತ್ತಾಗದಿದ್ದರೆ ಕಳ್ಳನೆಲ್ಲಿ, ಕಳ್ಳನ ಮಗಳೆಲ್ಲಿ?

ಪದಕ ಕಳೆದುಕೊಂಡ ಸಿಪಾಯಿಗಳಿಗೆ ನಕಲು ಎರಕ ಹೊಯ್ದು ಕೊಡುವ ಕಂಚುಗಾರನೊಬ್ಬನಿದ್ದ. ಉಗ್ರಾಣದ ಕಾಲದಿಂದಲೂ ಇವನ ಗುರುತಿನವನು, ಯಾರಿಗೆ ಏನು ಎಂದು ಕೇಳುವ ಚಾಳಿಯಿಲ್ಲ. ಪದಕದ ಅಂಚಿನಲ್ಲಿ ಸೈನಿಕನ ನಂಬರು, ಹೆಸರು ಕೊರೆದಿರುತ್ತದೆ. ಬೀಗರ ನಂಬರು ಇವನಿಗೆ ತನ್ನದಕ್ಕಿಂತ ಚೆನ್ನಾಗಿ ನೆನಪಿತ್ತು. ಎರಕ ಹೊಯ್ಯಿಸಿ ತಂದ ನಕಲಿನ ಮೇಲೆ ಸಾಲುಮಾಸ್ತರ ತಾನೇ ಹಳೆಯ ಉಳಿಯಲ್ಲಿ ಒಂದೊಂದೇ ಅಕ್ಷರ ಕೂರಿಸಿದ. ಹೊಸ ಲೋಹದ ಥಳಕು ಕಳೆಯಲು ಕಡು ಚಹಾದಲ್ಲಿ ನೆನೆಹಾಕಿದ, ಬೂಟ್ ಪಾಲಿಶ್ ತಿಕ್ಕಿದ, ಉಬ್ಬಿದ ಕಡೆ ಮಾತ್ರ ಹೆಬ್ಬೆರಳಿನಿಂದ ಉಜ್ಜಿ ಬೆಳಕು ತಂದ. ಬೀಗರು ಪ್ರತಿ ಸಭೆಯಲ್ಲೂ ಅದನ್ನು ಹಾಗೆಯೇ ಸವರುತ್ತಿದ್ದದ್ದನ್ನು ಅವನು ನೋಡಿದ್ದ. ಅಷ್ಟೂ ಸೂಕ್ಷ್ಮ ಅವನ ಲೆಕ್ಕದಲ್ಲಿತ್ತು. ರಿಬ್ಬನ್ನು ಹಳೆಯದೇ ಇರಬೇಕು, ಬಿಸಿಲಿಗೆ ಮಾಸಿದ ಬಣ್ಣವನ್ನು ಯಾರಿಂದಲೂ ನಕಲು ಮಾಡಲಾಗದು. ಅಸಲು ನಕಲು ಎರಡನ್ನೂ ಎದುರಿಗಿಟ್ಟರೆ ಬೀಗರಲ್ಲ, ಅದನ್ನು ಕೊಟ್ಟ ಸರಕಾರವೇ ತಬ್ಬಿಬ್ಬಾಗಬೇಕು.

ಭಾನುವಾರ ಮಗಳ ಮನೆಯಲ್ಲಿ ಊಟ. ಅಳಿಯ ಕೆಲಸದ ಮೇಲೆ ಹೋಗಿದ್ದ, ಮೊಮ್ಮಗಳು ಪಕ್ಕದ ಮನೆಯಲ್ಲಿ ಆಡುತ್ತಿದ್ದಳು. ಬೀಗರು ಉಂಡು ಒಳಕೋಣೆಯಲ್ಲಿ ಗೊರಕೆ ಹಚ್ಚಿದರು. ಹಜಾರದ ಗಾಜಿನ ಬೀರುವಿನ ಬೀಗದಕೈ ಪಕ್ಕದ ಮೊಳೆಯಲ್ಲೇ ತೂಗುತ್ತಿತ್ತು. ಒಳಗಿದ್ದ ಪದಕಗಳ ಪಟ್ಟಿ ಹೆಗಲ ಕಡೆಗೆ ಮುಚ್ಚಿಕೊಂಡಿದ್ದು ಎದೆಯ ಕಡೆಗಷ್ಟೇ ತೆರೆಯುವಂಥದು, ಒಂದನ್ನು ತೆಗೆಯಬೇಕಾದರೆ ಎಲ್ಲವನ್ನೂ ಜಾರಿಸಬೇಕು. ಅದಕ್ಕೇನಂತೆ? ಜೀವಮಾನವೆಲ್ಲ ಮಾಡಿದ ಕೆಲಸ. ಮಡಿಲಲ್ಲಿ ಕರವಸ್ತ್ರ ಹಾಸಿಕೊಂಡ. ಕಣ್ಣನ್ನು ಒಳಕೋಣೆಯ ಬಾಗಿಲಿಗೆ, ಕಿವಿಯನ್ನು ಅಡುಗೆಮನೆಗೆ ಕೊಟ್ಟು ಕೈಗಳನ್ನು ಅವುಗಳ ಪಾಡಿಗೆ ಬಿಟ್ಟ.

"ಅಪ್ಪಾ, ಚಹಾ ಈಗ್ಲೇ ಇಡ್ಲಾ, ಮಾವ ಎದ್ಮೇಲೆ ಇಡ್ಲಾ?" ಮಗಳು ಪಾತ್ರೆಗಳ ಸದ್ದಿನ ನಡುವೆ ಕೂಗಿದಳು.

"ಅವ್ರು ಏಳ್ಲಿ ಬಿಡಮ್ಮ. ಜೊತೇಲೇ ಕುಡೀತೀವಿ."

ಬೆರಳುಗಳು ರಿಬ್ಬನ್ನು ಬಿಚ್ಚಿ, ನಕಲಿಗೆ ತೊಡಿಸಿ, ಒಂದೊಂದನ್ನೇ ಪಟ್ಟಿಗೆ ಏರಿಸಿ, ಮಡಿಕೆ ನೇರ ಮಾಡಿ ಕೆಲಸ ಮುಗಿಸಿದಾಗ ಒಳಗಿನ ಗೊರಕೆ ಇನ್ನೂ ತಾಳ ತಪ್ಪಿರಲಿಲ್ಲ. ಬೀರುವಿನೊಳಗೆ ಸಾಲು ಎಷ್ಟು ಅಚ್ಚುಕಟ್ಟಾಗಿ ಕುಳಿತಿತ್ತೆಂದರೆ, ನೋಡಿ ಅವನ ಮನಸ್ಸಿಗೇ ಒಂಥರ ಸಮಾಧಾನವಾಯಿತು. ಚಹಾ ಕುಡಿಯುವಾಗ ಬೀಗರು ಹೊಳೆಯ ಕತೆ ತೆಗೆದರು. ಎಷ್ಟೋ ವರ್ಷಗಳ ನಂತರ ಅವನು ಅದನ್ನು ಪೂರ್ತಿಯಾಗಿ, ಆಸ್ವಾದಿಸುತ್ತ ಕೇಳಿದ.

ಮುಂದಿನ ವಾರ ಸಂಘದ ಸಭೆ. ನಿಜವಾದ ಪದಕವನ್ನು ಅವನು ಕೋಟಿನ ಒಳಗಡೆ, ಎಡ ಎದೆಯ ಮೇಲೆ, ಅಸ್ತರಿಗೆ ಪಿನ್ನು ಮಾಡಿಕೊಂಡು ಹೋದ. ಯಾರ ಅಪ್ಪಣೆ ಬೇಕು? ಹೊಳೆಗೆ ಹಾರುವಾಗ ಯಾರ ಅಪ್ಪಣೆ ಕೇಳಿದ್ದ? ಹೊಸದಾಗಿ ಬಂದಿದ್ದ ಕರ್ನಲ್ ವೇದಿಕೆಯ ಮೇಲೆ, ಬೀಗರು ಹೊರಡುವ ಅವಸರದಲ್ಲಿ ನೋಡದೆಯೇ ಪಟ್ಟಿಯನ್ನು ಹಾಕಿ ತಂದಿದ್ದ ಪೆಟ್ಟಿಗೆ ತೆರೆದು ಶೌರ್ಯ ಪದಕವನ್ನು ಅಂಗೈಯಲ್ಲಿ ತೂಗಿದ. ಕನ್ನಡಕ ಏರಿಸಿ ಅಂಚಿನ ಅಕ್ಷರ ಓದಿದ. "ಇಂಥದ್ದನ್ನ ಮುಟ್ಟೋದೇ ಒಂದು ಪುಣ್ಯ" ಎಂದ. ಸಾಲುಮಾಸ್ತರನಿಗೆ ನಗು ತಡೆಯುವುದು ಕಷ್ಟವಾಯಿತು. ಕರ್ನಲ್ ತನ್ನ ಕೈಯಾರೆ ಪಟ್ಟಿಯನ್ನು ಬೀಗರ ಎದೆಗೆ ಚುಚ್ಚಿದ. ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಸಾಲುಮಾಸ್ತರನೇ.

ಬೀಗರ ಹೆಬ್ಬೆರಳು ರೂಢಿಯಂತೆ ತಾನಾಗಿಯೇ ಹೆಗಲ ಕಡೆಗೆ ಹೋಗಿ ಸಾಲಿನ ತುದಿಯನ್ನು ಸವರಿ, ಅಲ್ಲೇ ನಿಂತಿತು. ಅಲ್ಲಿದ್ದದ್ದು ದೀರ್ಘ ಸೇವೆಯ ಪದಕ. ಅವರು ಬಗ್ಗಿ ನೋಡಿಕೊಂಡರು. ಶೌರ್ಯ, ಗಡಿ, ಹಿಮ, ಪ್ರವಾಹ, ದೀರ್ಘ ಸೇವೆ: ಒಂದು ಕೂದಲೆಳೆಯಷ್ಟೂ ತಪ್ಪಿಲ್ಲದ ಸಾಲು. "ಕೊನೆಗೂ ಸರಿ ಮಾಡಿಸ್ಬಿಟ್ರಲ್ಲಪ್ಪ" ಎಂದು ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು, ಆಮೇಲೆ ಬೀಗರ ಮುಖ ನೋಡಿ ನಗು ನುಂಗಿಕೊಂಡರು. "ಏನಾಯ್ತು, ಯಾರು ಮುಟ್ಟಿದ್ರು?" ಎಂದ ಕರ್ನಲ್. "ನಾನಂತೂ ಮುಟ್ಟಿಲ್ಲ ಸಾರ್. ಬೀರುವಿನಲ್ಲೇ ಇತ್ತು. ಮನೆಗೆ ಯಾರೂ ಬಂದಿರ್ಲಿಲ್ಲ, ಹೋದ ಭಾನುವಾರ ಊಟಕ್ಕೆ..." ಬೀಗರ ಮಾತು ಅಲ್ಲಿಗೆ ನಿಂತಿತು. ಸಭೆಯ ತಲೆಗಳೆಲ್ಲ ಒಂದೊಂದಾಗಿ ತನ್ನ ಕಡೆ ತಿರುಗುವುದನ್ನು ಸಾಲುಮಾಸ್ತರ ಕಂಡ. ತಪ್ಪು ಸಾಲನ್ನು ತಪ್ಪಾಗಿಯೇ ವಾಪಸ್ಸು ಇಡಲಾರದ ಕೈ ಊರಿನಲ್ಲಿ ಒಂದೇ ಜೊತೆ ಇತ್ತು, ಅದೀಗ ಚಪ್ಪಾಳೆಯ ನಡುವೆ ಗಾಳಿಯಲ್ಲಿ ನಿಂತಿತ್ತು. ಅವನು ಕೈ ಇಳಿಸಿ, ತಲೆ ತಗ್ಗಿಸದೆ, ಮುರಿದಿದ್ದ ಹೆಗಲನ್ನು ನೆಟ್ಟಗೆ ಮಾಡಿ ಎದ್ದು ನಿಂತ. ಕೋಟಿನೊಳಗೆ ಪದಕ ಎದೆಗೆ ತಾಗಿತು. ವೇದಿಕೆಯ ಮೇಲೆ ಬೀಗರು ಮೆಲ್ಲಗೆ, ಎಂದಿನ ದನಿಯಲ್ಲೇ ಮಾತು ಮುಗಿಸಿದರು: "ನಮ್ ಬೀಗ್ರೂ ಅಲ್ಲೇ ಇದ್ರು."